ಹೆಬ್ಬೆರಳು ಕೇಳುತ್ತಿಲ್ಲ

ಮೇ 9

ಬೆಳಿಗ್ಗೆ ಮತ್ತೆ ಗುಂಡು ಹಾರಿಸುವ ರೇಂಜ್. ನೆಲ ಇನ್ನೂ ಒದ್ದೆ. ಗುಂಡು ತಡೆಯಲು ಹಿಂದೆ ಅದೇ ದೊಡ್ಡ ಹುತ್ತ, ಅದರ ಮುಂದೆ ಅದೇ ರಟ್ಟಿನ ಕಾಡೆಮ್ಮೆ. ಹಾರಿಸಿದ್ದೆಲ್ಲ ಹಣೆಗೇ ಬಿತ್ತು. ಬಂದೂಕು ಕಲಿಸುವ ಫ್ಯಾಕ್ಸನ್ ಮೇಷ್ಟ್ರಿಗೆ ಖುಷಿಯೋ ಖುಷಿ. ಗೇಟಿನ ಹತ್ತಿರ ಹರಟುತ್ತಿದ್ದ ಗಂಡಸರಿಗೆಲ್ಲ ಕೇಳಲಿ ಅಂತ ಕೂಗಿದರು: "ಬಂದು ಈ ಹೆಂಗ್ಸನ್ನ ನೋಡ್ರಪ್ಪಾ! ನೋಡಿ ಸ್ವಲ್ಪ ನಾಚ್ಕೊಳ್ರಪ್ಪಾ!"

ಅವರಿಗೆ ಗೊತ್ತಿಲ್ಲ. ಪ್ರತಿ ಸಲವೂ ಸೇಫ್ಟಿ ಮೊದಲೇ ಮುಂದಿತ್ತು.

ಏನು ಮಹಾ ವಸ್ತು ಅದು? ರೈಫಲಿನ ಬೋಲ್ಟಿನ ಪಕ್ಕ ಕಡಲೆಬೀಜದಷ್ಟು ದೊಡ್ಡ ಲಿವರ್. ಹಿಂದಿದ್ದರೆ ಟ್ರಿಗರ್ ಎಷ್ಟು ಒತ್ತಿದರೂ ಗುಂಡು ಹಾರದು. ಹೆಬ್ಬೆರಳಿಂದ ಮುಂದಕ್ಕೆ ತಳ್ಳಬೇಕು. ಟಿಕ್. ಆಮೇಲೆ ಹಾರುತ್ತದೆ. ಮಗು ಕೂಡ ಮಾಡೀತು. ನನ್ನ ಕೈಲಿ ಆಗುತ್ತಿಲ್ಲ.

ಮಾರ್ಚ್‌ನಲ್ಲಿ ಕಳ್ಳಬೇಟೆಯವರ ಉರುಳು ಬಿಚ್ಚುವಾಗ ತಂತಿ ಚಿಮ್ಮಿ ಬಲಗೈ ಹೆಬ್ಬೆರಳ ಬುಡ ಕೊಯ್ದಿತು. ಹೊಲಿಗೆ ಬಿಚ್ಚಿ ಎಷ್ಟೋ ದಿನವಾಯಿತು. ಹೊರಗಿನಿಂದ ನೋಡಿದರೆ ಏನೂ ಆಗೇ ಇಲ್ಲ. ಒಳಗೆ ಮಾತ್ರ ಸತ್ತಿದೆ. ಒಂದು ದಿನ ಹೇಳಿದ ಮಾತು ಕೇಳುತ್ತದೆ, ಇನ್ನೊಂದು ದಿನ ಹೆಂಡ ಕುಡಿದು ಬಿದ್ದವನ ಹಾಗೆ... ಎಬ್ಬಿಸಿದರೂ ಏಳುವುದಿಲ್ಲ.

ಮೇ 11

ಭಾನುವಾರ. ಎಲ್ಲರೂ ಚರ್ಚಿಗೆ. ಹೊಟ್ಟೆನೋವು ಅಂತ ಉಳಿದೆ. ಖಾಲಿ ರೈಫಲ್ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಲಿವರ್‌ಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ ನೋಡಿದೆ. ಹಿಡಿತ ಸಿಕ್ಕಿತು, ಬಲ ಬರಲಿಲ್ಲ. ತೋರುಬೆರಳ ಗೆಣ್ಣಿನಿಂದ ತಳ್ಳಿ ನೋಡಿದೆ. ತಳ್ಳುತ್ತದೆ, ಆದರೆ ಆಮೇಲೆ ಬೆರಳು ಟ್ರಿಗರ್ ಹುಡುಕಿಕೊಂಡು ಹೋಗುವಷ್ಟರಲ್ಲಿ ಕಾಡೆಮ್ಮೆ ನನ್ನ ದಾಟಿ ನದಿಗೆ ನೀರು ಕುಡಿಯಲು ಹೋಗಿರುತ್ತದೆ. ಎಡಗೈ ಚಾಚಿದರೆ ಆಗುತ್ತದೆ. ಆದರೆ ಎಡಗೈ ತೆಗೆದ ಕೂಡಲೇ ನಳಿಕೆ ನೆಲ ನೋಡುತ್ತದೆ.

ನಳಿಕೆಯೊಳಗೆ ಗುಂಡು ಇಡದೆ, ಕಾಡು ನೋಡಲು ಬಂದ ಅತಿಥಿಗಳ ಮುಂದೆ ನಡೆದರೆ? ರೂಲ್ ಬಿಡುವುದಿಲ್ಲ. ಆನೆಯೂ ಬಿಡುವುದಿಲ್ಲ.

ಅಮ್ಮ ಇದ್ದಿದ್ದರೆ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಅನ್ನುತ್ತಿದ್ದಳು. ಅಮ್ಮಾ, ಇಲ್ಲಿ ನೆಲ ಸರಿಯಾಗೇ ಇದೆ. ಕಾಲೇ ಇಲ್ಲ.

ಮೇ 14

ಹೇಳಿಬಿಡೋಣ ಅಂತ ಹೊರಟೆ. ನಿಜವಾಗಿ ಹೊರಟೆ. ಫ್ಯಾಕ್ಸನ್ ಮೇಷ್ಟ್ರು ಮಾವಿನ ಮರದ ಕೆಳಗೆ ಮೆಕ್ಕೆಜೋಳದ ಎನ್ಸಿಮಾ ಮುದ್ದೆ ಮುರಿಯುತ್ತಾ ಕೂತಿದ್ದರು. ಕಪೆಂಟಾ ಮೀನಿನ ಬಟ್ಟಲು ನನ್ನ ಕಡೆ ತಳ್ಳಿದರು.

"ಕೂತ್ಕೋ ತಿಸಾ. ನಾನೇ ನಿನ್ನ ಕರೆಸೋಣ ಅಂತಿದ್ದೆ. ಮೂರು ಜನ ಹುಡುಗೀರು ನಿನ್ ಥರ ಬಂದೂಕು ಹಿಡಿಯೋ ಸ್ಕೌಟ್ ಕೆಲ್ಸಕ್ಕೆ ಅರ್ಜಿ ಹಾಕವ್ರೆ, ಗೊತ್ತಾ?"

"ಗೊತ್ತು ಮೇಷ್ಟ್ರೇ."

"ಮೇಲಿನೋರು ಏನಂದ್ರು ಗೊತ್ತಾ? ಮೊದ್ಲು ಇರೋ ಒಬ್ಳು ಈ ವರ್ಷದ ಬಂದೂಕು ಪರೀಕ್ಷೆ ಪಾಸ್ ಮಾಡ್ಲಿ, ಆಮೇಲೆ ನೋಡೋಣ ಅಂದ್ರು. ನೀನು ಪಾಸಾದ್ರೆ ಮೂರೂ ಜನ ಒಳಗೆ. ನೀನು ಬಿದ್ರೆ, 'ನಾವು ಹೇಳ್ಲಿಲ್ವಾ, ಹೆಂಗಸ್ರಿಗೆ ಯಾಕೆ ಬಂದೂಕು' ಅಂತಾರೆ. ನನ್ನ ರಿಟೈರ್‌ಮೆಂಟ್ ಒಳಗೆ ಇನ್ನೊಬ್ಳನ್ನ ತಗೊಳಲ್ಲ."

ಕೈಲಿದ್ದ ಮುದ್ದೆ ತಟ್ಟೆಗೇ ವಾಪಸ್ ಇಟ್ಟೆ.

"ಯಾಕೆ ಮುಖ ಹಿಂಗಾಯ್ತು? ನೀನಾ ಬೀಳೋಳು?" ಅಂತ ನಕ್ಕರು. ಕೈ ತೊಳೆದು ಬಂದೆ. ಹೇಳಲಿಲ್ಲ.

ಸೌದೆಗೆ ಹೋಗುವ ಹೆಂಗಸರೂ ಇದೇ ಕಾಡಿಗೆ ಹೋಗುತ್ತಾರೆ. ಹೆದರಿ ಹೆದರಿ, ಹಾಡು ಹೇಳಿಕೊಂಡು, ಗುಂಪಾಗಿ. ಆರು ವರ್ಷದಿಂದ ನಾನೊಬ್ಬಳೇ ತಲೆ ಎತ್ತಿ ಹೋಗುತ್ತಿದ್ದೇನೆ. ಅದನ್ನು ಬಿಡಲಾರೆ. ಆ ಹುಡುಗಿಯರ ನೆಪ ಬೇಡ. ನನಗೇ ಬಿಡಲು ಇಷ್ಟವಿಲ್ಲ.

ಮೇ 19

ಅತಿಥಿಗಳ ಸೀಸನ್ ಶುರುವಾಗುವ ಮುಂಚೆ ದಾರಿ ನೋಡಿ ಬರಲು ಲವ್‌ನೆಸ್ ಜೊತೆ ಹೋಗಿದ್ದೆ. ಅತಿಥಿಗಳಿಲ್ಲ. ಬಂದೂಕು ಹಿಡಿದು ಮುಂದೆ ನಾನು, ನನ್ನ ಬೆನ್ನಿಗೆ ಗೈಡ್ ಅವಳು. ನಾಲ್ಕು ಸೀಸನ್ ಹೀಗೇ ನಡೆದಿದ್ದೇವೆ. ನನ್ನ ಚೊಚ್ಚಲ ಮಗನಿಗೆ ಹೆಸರಿಟ್ಟವಳೂ ಅವಳೇ.

ಈ ದಿನ ಸೇಫ್ಟಿ ಹಿಂದಿಟ್ಟಿದ್ದೆ. ಪಕ್ಕದ ಕ್ಯಾಂಪಿನಲ್ಲಿ ಒಬ್ಬ ಮುಂದಿಟ್ಟುಕೊಂಡೇ ನಡೆಯುತ್ತಿದ್ದನಂತೆ. ದಿಮ್ಮಿ ದಾಟುವಾಗ ಬಳ್ಳಿ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರಿತು. ಹಿಂದಿದ್ದ ಅಡುಗೆಯವನ ಮೊಣಕಾಲು ಹೋಯಿತು. ರಾತ್ರಿಯೆಲ್ಲ ಅದೇ ಯೋಚನೆ. ಸರಿ, ಇವತ್ತು ನ್ಯಾಯವಾಗಿ ನಡೆಯೋಣ ಅಂದುಕೊಂಡೆ.

ಹುಲ್ಲಿನಿಂದ ಹೆಣ್ಣಾನೆ ಎದ್ದು ಬಂತು. ಮರಿ ಇತ್ತು. ಕಿವಿ ಹರಡಲಿಲ್ಲ, ಕೂಗಲಿಲ್ಲ. ಸುಮ್ಮನೆ ಬಂತು. ಸುಮ್ಮನೆ ಬರುವುದೇ ಕೆಟ್ಟದ್ದು.

ರೈಫಲ್ ಭುಜಕ್ಕೆ ಬಂತು. ಹೆಬ್ಬೆರಳು ಬರಲಿಲ್ಲ. ತಳ್ಳಿದೆ, ತಳ್ಳಿದೆ. ಲಿವರ್ ಮೇಲೆ ಬೆರಳು ಇದೆಯೋ ಇಲ್ಲವೋ ಅದೂ ತಿಳಿಯಲಿಲ್ಲ. ಲವ್‌ನೆಸ್ ನನ್ನ ಪಕ್ಕಕ್ಕೆ ನೂಕಿ ಮುಂದೆ ಹೋಗಿ ಎರಡೂ ಕೈ ಎತ್ತಿ ಕಿರುಚಿದಳು, ಟೋಪಿ ಬೀಸಿ ಎಸೆದಳು. ಆನೆ ನಿಂತಿತು. ಧೂಳು ನಮ್ಮ ಮುಖಕ್ಕೆ ಬಿತ್ತು. ಮರಿ ಕರೆಯಿತು, ತಾಯಿ ತಿರುಗಿ ಹೋಯಿತು.

ಅದಕ್ಕೆ ಮನಸ್ಸು ಬಂತು, ಹೋಯಿತು. ಅಷ್ಟೇ. ನಾನು ಏನೂ ಮಾಡಲಿಲ್ಲ.

ಮೇ 20

ಲವ್‌ನೆಸ್ ಬಂದಳು. ನಾನು ಬಟ್ಟೆ ಒಗೆಯುತ್ತಿದ್ದೆ.

"ಟಿಕ್ ಕೇಳ್ಲಿಲ್ಲ," ಅಂದಳು.

ಗೈಡ್‌ಗಳಿಗೆಲ್ಲ ಅದೇ ಪಾಠ. ಪ್ರಾಣಿ ನುಗ್ಗಿದಾಗ ಮುಂದಿನವಳ ಸೇಫ್ಟಿ ಟಿಕ್ ಅನ್ನುವುದನ್ನು ಕೇಳು. ಕೇಳಿದರೆ ಅಲ್ಲಾಡಬೇಡ, ಅತಿಥಿಗಳನ್ನೂ ಅಲ್ಲಾಡಿಸಬೇಡ. ಆ ಸದ್ದಿನ ಮೇಲೆ ನಂಬಿಕೆ ಇಟ್ಟು ನಿಂತುಕೊಳ್ಳುತ್ತಾರೆ.

"ಗಾಳಿ ಇತ್ತಲ್ವಾ..." ಅಂದೆ.

"ಕೈ ತೋರ್ಸು."

ತೋರಿಸಿದೆ. ಹೆಬ್ಬೆರಳ ತುದಿಗೆ ಅವಳು ಉಗುರು ಊರಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಅವಳು ಊರಿದ್ದು ನನಗೆ ಗೊತ್ತಾಗಲೇ ಇಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

"ನಿನ್ನ ಹಿಂದೆ ನಿಂತಿದ್ನಲ್ಲೇ ನಾನು! ನನಗೂ ಮಕ್ಕಳಿದಾವೆ, ಗೊತ್ತಿಲ್ವಾ ನಿನಗೆ?"

"ಪರೀಕ್ಷೆ ಆಗ್ಲಿ ಲವ್‌ನೆಸ್. ಆ ಹುಡುಗೀರು ಸೇರ್ಕೊಳ್ಲಿ. ಆಮೇಲೆ ನಾನೇ ಹೇಳ್ತೀನಿ."

"ಆಮೇಲೆ ಹೇಳ್ತೀಯಾ? ನೀನು? ಬಂದೂಕು ಕೆಳಗಿಡ್ತೀಯಾ?"

ನನ್ನನ್ನು ಚೆನ್ನಾಗಿ ಬಲ್ಲಳು.

"ನಾನಾಗಿ ಯಾರಿಗೂ ಹೇಳಲ್ಲ," ಅಂದಳು. "ಆದ್ರೆ ಇನ್ನು ನಿನ್ನ ಹಿಂದೆ ಒಂದು ಹೆಜ್ಜೇನೂ ಇಡಲ್ಲ." ಬಕೆಟ್ ಒದ್ದು ಹೋದಳು.

ಮೇ 31

ಪಾಸ್.

ಎಲ್ಲರಿಗಿಂತ ಹೆಚ್ಚು ಅಂಕ.

ಪರೀಕ್ಷೆ ಹೇಗೆಂದರೆ, ಗುಂಡು ತುಂಬಿ, ಸೇಫ್ಟಿ ಹಿಂದಿಟ್ಟು ನಿಲ್ಲಬೇಕು. ಮೇಷ್ಟ್ರು ಬಂದು ಲಿವರ್ ನೋಡುತ್ತಾರೆ. ಆಮೇಲೆ ಅತ್ತ ತಿರುಗಿ ಜೀಪಿನವನಿಗೆ ಕೈ ಬೀಸುತ್ತಾರೆ. ಜೀಪು ಹಗ್ಗ ಎಳೆಯುತ್ತದೆ, ರಟ್ಟಿನ ಕಾಡೆಮ್ಮೆ ನಮ್ಮ ಮೇಲೆ ನುಗ್ಗಿ ಬರುತ್ತದೆ. ಅವರು ತಿರುಗಿದ ಆ ಗಳಿಗೆಯಲ್ಲಿ ಎಡಗೈ ಚಾಚಿ ಲಿವರ್ ಮುಂದಕ್ಕೆ ತಳ್ಳಿದೆ. ಟಿಕ್ ಸದ್ದನ್ನು ಇಂಜಿನ್ ನುಂಗಿತು. ಹಾರಿಸುವುದೇನು ಕಷ್ಟ? ಹಾರಿಸುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಮೇಷ್ಟ್ರು ಎಲ್ಲರ ಮುಂದೆ ನನ್ನ ಬಲಗೈ ಎತ್ತಿ ಹಿಡಿದರು. ಇದೇ ಕೈ. "ಈ ಕೈ ನೋಡ್ರೋ!"

ಆ ಮೂವರು ಹುಡುಗಿಯರು ಬೇಲಿಯಾಚೆ ಕುಣಿಯುತ್ತಿದ್ದರು. ಒಬ್ಬಳು ಓಡಿ ಬಂದು ನನ್ನ ಮುಂದೆ ಮೊಣಕಾಲೂರಿ ಕೈ ತಟ್ಟಿ ನಮಸ್ಕಾರ ಮಾಡಿದಳು. ಹಿರಿಯರಿಗೆ ಮಾಡುವ ಹಾಗೆ. ನೆಲ ಬಿರಿದು ನನ್ನ ನುಂಗಬಾರದಾ ಅನ್ನಿಸಿತು.

ಲವ್‌ನೆಸ್ ಬಂದಿರಲಿಲ್ಲ.

ಜೂನ್ 1

ಡ್ಯೂಟಿ ಹಾಕಿದರು. ನಾಳೆಯೇ ಅತಿಥಿಗಳ ಜೊತೆ ಮೊದಲ ನಡಿಗೆ. ಲವ್‌ನೆಸ್ ಬೇರೆ ಸ್ಕೌಟನ್ನು ಕೇಳಿ ತಗೊಂಡಿದ್ದಾಳೆ. ನನಗೆ ಲಾಮೆಕ್ ಅನ್ನುವ ಹೊಸ ಗೈಡ್. ಕೆಳಗಿನ ಕ್ಯಾಂಪಿನಿಂದ ವರ್ಗವಾಗಿ ಬಂದವನು. ದಪ್ಪ ಮೀಸೆ, ಬಾಯಿ ತೆರೆದರೆ ಮುಚ್ಚುವುದಿಲ್ಲ.

"ತಿಸಕ್ಕಾ, ನಿಮ್ಮ ಹೆಸ್ರು ನಮ್ಮ ಕ್ಯಾಂಪಲ್ಲೂ ಫೇಮಸ್ಸು. ಹೆಂಡ್ತಿಗೆ ಹೇಳಿ ಬಂದಿದೀನಿ, ಈ ಸೀಸನ್ ನೆಮ್ಮದಿಯಾಗಿ ಮಲ್ಕೋ ಅಂತ."

ಸೇಫ್ಟಿ ಹಿಂದಿಟ್ಟರೆ ಆನೆ. ಮುಂದಿಟ್ಟರೆ ಬಳ್ಳಿ. ಎರಡಕ್ಕೂ ಸಿಗುವವನು ಲಾಮೆಕ್. ದೇವರೇ, ಒಂದೇ ಒಂದು ಬೆರಳು ತಾನೇ ಕೇಳಿದ್ದು.

ಜೂನ್ 2, ಬೆಳಿಗ್ಗೆ

ಹೇಳಿದೆ!

ಮೊದಲು ಮೇಷ್ಟ್ರ ಮನೆಗೇ ಹೋದೆ. ಬೀಗ. ಆ ಹುಡುಗಿಯರ ಕಾಗದಕ್ಕೆ ಸಹಿ ಹಾಕಿಸಲು ಹೆಡ್ಡಾಫೀಸಿಗೆ ನಸುಕಿಗೇ ಹೊರಟುಬಿಟ್ಟರಂತೆ. ಅಲ್ಲಿಂದ ನೇರ ಲಾಮೆಕ್ ಹತ್ತಿರ. ಬೆಂಕಿಯ ಪಕ್ಕ ಅತಿಥಿಗಳಿಗೆ ಚಹಾ ಸುರಿಯುತ್ತಿದ್ದ. ಆರು ಜನ. ಅದರಲ್ಲಿ ಒಬ್ಬಾಕೆಗೆ ನನ್ನ ಅಮ್ಮನಷ್ಟು ವಯಸ್ಸು, ಕೋಲೂರಿಕೊಂಡು ಬಂದಿದ್ದಾಳೆ.

ಪಕ್ಕಕ್ಕೆ ಕರೆದೆ. "ಲಾಮೆಕ್, ನನ್ನ ಹೆಬ್ಬೆರಳು ಸತ್ತಿದೆ. ಸೇಫ್ಟಿ ತಳ್ಳೋಕಾಗಲ್ಲ. ಇವತ್ತು ನಡಿಗೆ ಬೇಡ, ಜೀಪಲ್ಲೇ ಸುತ್ತಾಡ್ಸು."

ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಲವ್‌ನೆಸ್ ಹೇಳಿದ್ಲು, ಬೆಳಿಗ್ಗೆ ತಿಸಾನ ಒಂದ್ಸಲ ಸರಿಯಾಗಿ ಕೇಳು ಅಂತ. ನೀವು ತಮಾಷೆ ಮಾಡ್ತೀರಾ ಅಂತಾನಾ ಅವಳು ಹಾಗಂದಿದ್ದು? ಅಕ್ಕಾ, ಮೊನ್ನೆ ಅಷ್ಟು ಅಂಕ ತಗೊಂಡು ಹೊಸಬನ್ನ ಹೆದರ್ಸೋದಾ?"

"ತಮಾಷೆ ಅಲ್ಲ ಕಣೋ! ಆಣೆ ಮಾಡಿ ಹೇಳ್ತೀನಿ..."

"ಸರಿ ಸರಿ, ಹೆದರ್ದೆ. ಆಯ್ತಾ? ನಡೀರಿ, ಬಿಸಿಲು ಏರುತ್ತೆ." ಬೆನ್ನು ತಟ್ಟಿ ಹೋದ. ಇಷ್ಟು ದಿನ ಹೇಳದ ಬಾಯಿಂದ ಇವತ್ತು ಬಂದರೆ ಯಾರು ನಂಬುತ್ತಾರೆ?

ಕೂತು ಬಿಡಲಾ? ಬರುವುದಿಲ್ಲ ಅಂತ? ಬಂದೂಕಿಲ್ಲದೆಯೇ ಕರೆದುಕೊಂಡು ಹೋಗುವ ಜಾತಿ ಅವನು. ಸದ್ದು ಕೇಳುತ್ತಿದೆ... ಅತಿಥಿಗಳನ್ನು ಸಾಲು ನಿಲ್ಲಿಸುತ್ತಿದ್ದಾನೆ. ಆ ಕೋಲಿನವಳನ್ನು ತನ್ನ ಹಿಂದೆಯೇ ನಿಲ್ಲಿಸಿಕೊಂಡ. "ಏನಾದ್ರೂ ನುಗ್ಗಿ ಬಂದ್ರೆ ಓಡ್ಬೇಡಿ. ಒಂದು ಟಿಕ್ ಕೇಳ್ಸುತ್ತೆ. ಕೇಳಿದ್ಮೇಲೆ ಚಿಂತೆ ಇಲ್ಲ," ಅನ್ನುತ್ತಿದ್ದಾನೆ.

ಕೂಗುತ್ತಿದ್ದಾನೆ. "ತಿಸಕ್ಕಾ!"

ಬಂದೆ ಅಂದೆ. ಗುಂಡು ತುಂಬಿಯಾಯಿತು. ಬೋಲ್ಟ್ ಮುಚ್ಚಿಯಾಯಿತು. ಇನ್ನು ಸೇಫ್ಟಿ. ಹಿಂದಕ್ಕೋ, ಮುಂದಕ್ಕೋ —