ನನ್ನ ಗದ್ದದ ಸೌಂದರ್ಯವೂ ಬಾಳೆಹಣ್ಣಿನ ವಾಸನೆಯೂ

ಸೇನಾ ಆರೋಗ್ಯ ಸೌಲಭ್ಯ ಮಂಜೂರಾತಿ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಕೊರಳಿಗೆ ಸದಾ ಸುತ್ತಿರುತ್ತಿದ್ದ ಟವೆಲ್ ಬೆವರಿಗಲ್ಲ, ರಕ್ತಕ್ಕೆ. ಇಷ್ಟು ಕಾಲ ಯಾರಿಗೂ ಹೇಳಿರಲಿಲ್ಲ. ಸೇನೆಯ ವಿಮಾನ ನೆಲೆಯ ಅಗ್ನಿಶಾಮಕ ದಳದಲ್ಲಿ ನನ್ನ ಜೊತೆಗಾರರೆಲ್ಲ ಅದನ್ನು ಷೋಕಿ ಎಂದುಕೊಂಡು ನನಗೆ ‘ಸ್ಟೈಲು’ ಎಂದು ಹೆಸರಿಟ್ಟರು. ಗಾಯಕ್ಕಿಂತ ಷೋಕಿ ವಾಸಿ ಎಂದು ನಾನೂ ಸುಮ್ಮನಿದ್ದೆ. ಈಗ ತಾವೂ ಅವರ ಗುಂಪಿಗೆ ಸೇರಿದ್ದೀರಿ. ನನ್ನ ಗದ್ದ ಮತ್ತು ಕೊರಳಿನ ಕೂದಲನ್ನು ಲೇಸರ್‌ನಿಂದ ತೆಗೆಸಬೇಕೆಂದು ನಮ್ಮ ವೈದ್ಯೆ ಬರೆದುಕೊಟ್ಟರೆ, ತಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ ಸಾಲಿನದು: “ಸೌಂದರ್ಯದ ಉದ್ದೇಶದ ಚಿಕಿತ್ಸೆ; ಸೌಲಭ್ಯಕ್ಕೆ ಒಳಪಡುವುದಿಲ್ಲ.” ನನ್ನ ತಕರಾರು ಆ ಸಾಲಿನ ಮೊದಲ ಪದದ ಮೇಲೆ.

ಅದಕ್ಕೂ ಮುಂಚೆ ಕೃತಜ್ಞತೆ ಸಲ್ಲಿಸಬೇಕು. ನನ್ನ ಮುಖವನ್ನೂ ಸೌಂದರ್ಯವೆಂಬ ಪದವನ್ನೂ ಈವರೆಗೆ ಯಾರೂ ಒಂದೇ ವಾಕ್ಯದಲ್ಲಿ ಕೂರಿಸಿರಲಿಲ್ಲ. ಫೋನಿನಲ್ಲಿ ಓದಿ ಹೇಳಿದರೆ ಅಮ್ಮ, “ಯಾರಿಗೆ, ನಿಂಗಾ? ಸರಿಯಾಗಿ ಓದೋ, ಬೇರೆಯವರ ಕಾಗದ ಇರ್ಬೇಕು” ಎಂದಳು. ಹಿಂದಿನಿಂದ ಅಜ್ಜಿ, “ನಾನು ಹೇಳಿದ್ರೆ ಎಲ್ಲಾ ನಗ್ತಿದ್ರಿ. ಈಗ ಸರ್ಕಾರಾನೇ ಹೇಳ್ತಲ್ಲ!” ಎಂದು ಕೂಗಿದಳು. ಅವಳ ಸಂತೋಷವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ವಿಷಯ ಇಷ್ಟೇ. ನನ್ನದು ಸುರುಳಿ ಕೂದಲು. ಬ್ಲೇಡು ತಾಗಿದರೆ ಅದರ ತುದಿ ಸೂಜಿಯಂತಾಗಿ, ಹೊರಗೆ ಬಂದದ್ದು ಬಾಗಿ ಮತ್ತೆ ನನ್ನ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಚುಚ್ಚಿದಲ್ಲಿ ಗುಳ್ಳೆ, ಗುಳ್ಳೆಯ ಮೇಲೆ ಮರುದಿನ ಮತ್ತೆ ಬ್ಲೇಡು. “ನೀನು ಶಾಲೆಯಿಂದ ಹೊರಗೆ ಓಡಿದೆ, ನಿನ್ನ ಕೂದಲು ಒಳಗೆ ಓಡ್ತಿದೆ. ಒಟ್ಟಿನಲ್ಲಿ ಇಬ್ರೂ ಇರೋ ಕಡೆ ಇರೋರಲ್ಲ” ಎಂದರು ವೈದ್ಯೆ. ಬೋಳಿಸುವುದನ್ನು ನಿಲ್ಲಿಸಿದರೆ ಗುಳ್ಳೆ ಮಾಯುತ್ತದೆ ಎಂದು ಗಡ್ಡ ಬಿಡಲು ಚೀಟಿಯನ್ನೂ ಕೊಟ್ಟರು. ಗಡ್ಡ ಬಿಟ್ಟೆ. ಗುಳ್ಳೆ ಮಾಯಿತು. ಆದರೆ ಗಡ್ಡವಿದ್ದರೆ ಹೊಗೆಯೊಳಗೆ ಹಾಕಿಕೊಳ್ಳುವ ಮುಖವಾಡ ಗದ್ದಕ್ಕೆ ಬಿಗಿಯಾಗಿ ಕೂರುವುದಿಲ್ಲ. ಬೋಳಿಸಿದರೆ ಗುಳ್ಳೆ ಎದ್ದು ಆಗಲೂ ಕೂರುವುದಿಲ್ಲ. ಕೂದಲಿರಬಾರದು ಎಂದು ಆಜ್ಞೆ ಮಾಡಿದವರು ತಾವು. ಹಾಗಾದರೆ ಬೇರುಸಹಿತ ತೆಗೆಸಿಬಿಡಿ ಎಂದರೆ ಅದು ಸೌಂದರ್ಯ! ದಿನವೂ ಬ್ಲೇಡಿನಿಂದ ತೆಗೆದರೆ ಶಿಸ್ತು, ಶಾಶ್ವತವಾಗಿ ತೆಗೆದರೆ ಶೃಂಗಾರ. ಇದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ ಸ್ವಾಮೀ? ನಾನು ಒಂಬತ್ತನೆಯದರ ನಡುವೆಯೇ ಎದ್ದು ಬಂದವನು. ಬಹುಶಃ ಆ ಪಾಠ ಹತ್ತರಲ್ಲಿತ್ತು.

ಶಾಲೆಯೊಂದೇ ಅಲ್ಲ, ಗ್ಯಾರೇಜು ಬಿಟ್ಟೆ, ಪ್ರೆಸ್ಸು ಬಿಟ್ಟೆ. ಮೊಬೈಲ್ ಅಂಗಡಿಯಿಂದ ಊಟಕ್ಕೆಂದು ಹೋದವನು ಇನ್ನೂ ವಾಪಸಾಗಿಲ್ಲ. ಒಂದೆಡೆ ಕೂತರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಬಿಡಬೇಕೆನಿಸದ ಮೊದಲ ಕೆಲಸ ಈ ಬೆಂಕಿಯದು. ಗಂಟೆ ಬಾರಿಸಿದರೆ ಬೂಟಿನೊಳಗೆ ಕಾಲು ತಾನಾಗಿ ಇಳಿಯುತ್ತದೆ. ಟವೆಲ್ ಸುತ್ತಿಕೊಂಡಿದ್ದೂ ಅದಕ್ಕೇ. ಗಾಯ ಕಂಡರೆ ಕೆಲಸ ಹೋಗುತ್ತದಲ್ಲ.

ಕೆಲಸ ಹೋದ ರೀತಿಯನ್ನೂ ಕೇಳಿ. ಮುಖವಾಡದ ಪರೀಕ್ಷೆಗೆ ನಮ್ಮಲ್ಲೊಂದು ಚಿಕ್ಕ ಕೋಣೆಯಿದೆ. ಮುಖವಾಡ ತೊಡಿಸಿ ಒಳಗೆ ನಿಲ್ಲಿಸಿ ಬಾಳೆಹಣ್ಣಿನ ವಾಸನೆಯ ಔಷಧವೊಂದನ್ನು ಬಿಡುತ್ತಾರೆ. ವಾಸನೆ ಬಂದರೆ ಮುಖವಾಡ ಸೋರುತ್ತಿದೆ ಎಂದರ್ಥ. ಬಂತೋ ಇಲ್ಲವೋ ಎಂಬುದಕ್ಕೆ ಒಳಗೆ ನಿಂತವನ ಮಾತೇ ಸಾಕ್ಷಿ. ಮೊನ್ನೆ ದಳದ ಮುಖ್ಯಸ್ಥರು ಗಾಜಿನಾಚೆಯಿಂದ ಕೇಳಿದರು:

“ವಾಸನೆ ಬರ್ತಿದೆಯೇನೋ, ಸ್ಟೈಲು?”

“ಬರ್ತಿದೆ ಸಾರ್. ಚೆನ್ನಾಗಿ ಹಣ್ಣಾಗಿದೆ.”

“ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು.”

“ಯೋಚ್ನೆ ಮಾಡಿದ್ರೂ ಬಾಳೆಹಣ್ಣೇ ಸಾರ್.”

ಹೊರಗೆ ಬಂದರೆ ನೀರಿನ ಲಾರಿಯ ಚಾಲಕ ತಲೆ ಚಚ್ಚಿಕೊಂಡ. “ಇಲ್ಲ ಅಂದಿದ್ರೆ ಮುಗೀತಿತ್ತಲ್ಲೋ ಮಾರಾಯ! ಯಾರು ನಿನ್ನ ಮೂಗಿನೊಳಗೆ ಇಣುಕಿ ನೋಡ್ತಾರೆ?”

“ಹೊಗೆ ನೋಡುತ್ತಲ್ಲಣ್ಣ” ಎಂದೆ. ವಿಮಾನದೊಳಗೆ ಸಿಕ್ಕಿಕೊಂಡವರನ್ನು ಎಳೆಯಲು ಹೋದ ನಾನೇ ಕೆಮ್ಮಿ ಬಿದ್ದರೆ, ನನ್ನನ್ನು ಎಳೆಯಲು ಇವನೇ ಒಳಗೆ ಬರಬೇಕು. ಅವನಿಗೆ ಎರಡು ಪುಟ್ಟ ಹೆಣ್ಣುಮಕ್ಕಳು. ಅವನು ನನ್ನ ಹೆಲ್ಮೆಟ್ಟನ್ನು ಒರೆಸಿ ಮೊಳೆಗೆ ನೇತುಹಾಕಿದ.

ತಮಗೆ ತೊಂದರೆ ಕೊಡದ ದಾರಿಯೂ ಒಂದಿತ್ತು. ನನ್ನ ಅಕ್ಕ ದೂರದ ಊರಿನ ಬ್ಯೂಟಿ ಪಾರ್ಲರಿನಲ್ಲಿ ಇದೇ ಲೇಸರ್ ಯಂತ್ರ ಹಿಡಿಯುವವಳು. “ಬಾರೋ, ಮದುವೆ ಹೆಣ್ಣುಗಳ ಸಾಲಲ್ಲಿ ನಿನ್ನನ್ನೂ ಕೂರಿಸ್ತೀನಿ. ನಾಚ್ಕೋಬೇಡ, ಅಷ್ಟೇ” ಎಂದಳು. ಆದರೆ ಇದು ಒಂದು ಸಲಕ್ಕೆ ಮುಗಿಯುವುದಿಲ್ಲ, ತಿಂಗಳಿಗೊಮ್ಮೆ ಹೋಗಿ ಬರುತ್ತಿರಬೇಕು. ರಜೆ ಕೇಳಿದೆ. ಸೌಂದರ್ಯಕ್ಕೆ ವೈದ್ಯಕೀಯ ರಜೆ ಇಲ್ಲ ಎಂದರು. ತಮ್ಮ ಒಂದು ಪದ ಎಷ್ಟು ದೂರ ನಡೆದು ಬಂತು ನೋಡಿ! ಅಜ್ಜಿ ತೀರಿಕೊಂಡಳು ಎಂದು ಬರೆದುಕೊಡು, ತಕ್ಷಣ ಸಿಗುತ್ತದೆ ಎಂದು ಗುಮಾಸ್ತರು ಪಿಸುಗುಟ್ಟಿದರು. ನನ್ನನ್ನು ಚೆಲುವನೆಂದು ನಂಬಿದ ಏಕೈಕ ಜೀವವನ್ನು ಹೇಗೆ ಸಾಯಿಸಲಿ?

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಆ ಸಾಲಿನಲ್ಲಿ ‘ಸೌಂದರ್ಯ’ವನ್ನು ಹೊಡೆದು ‘ಉಸಿರಾಟ’ ಎಂದು ಬರೆಯಿರಿ. ನನಗೊಬ್ಬನಿಗಲ್ಲ, ಟವೆಲ್ ಸುತ್ತಿಕೊಂಡು ಷೋಕಿಯವರಂತೆ ನಟಿಸುತ್ತಿರುವ ಎಲ್ಲರಿಗೂ. ಅನುಮಾನವಿದ್ದರೆ ಒಂದು ವಾರ ಗಡ್ಡ ಬಿಟ್ಟು, ನನ್ನ ಮುಖವಾಡ ತೊಟ್ಟು ಆ ಚಿಕ್ಕ ಕೋಣೆಯಲ್ಲಿ ತಾವೇ ನಿಲ್ಲಿ. ಗಾಜಿನಾಚೆಯಿಂದ ಯಾರೋ ಪ್ರಶ್ನೆ ಕೇಳುತ್ತಾರೆ. ನಿಜ ಹೇಳಿದರೆ ಸಾಕು.

ಇಂತಿ,
ತಮ್ಮ ಕಡತದ ಪ್ರಕಾರ ಸೌಂದರ್ಯಾಕಾಂಕ್ಷಿ,
ನನ್ನ ಕನ್ನಡಿಯ ಪ್ರಕಾರ ಬರೀ ಗುಳ್ಳೆಯ ಗದ್ದದವನು,
ಸ್ಟೈಲು

ಕೊನೆಯದಾಗಿ, ಉತ್ತರ ಕಳಿಸುವುದಾದರೆ ದಳದ ವಿಳಾಸಕ್ಕೆ ಬೇಡ. ನನ್ನನ್ನು ಕಂಬಳಿಗಳ ಉಗ್ರಾಣಕ್ಕೆ ಹಾಕಿದ್ದಾರೆ. ಕಂಬಳಿಗಳಿಗೆ ನನ್ನ ಗಡ್ಡದ ಬಗ್ಗೆ ತಕರಾರಿಲ್ಲವಂತೆ. ನಾಳೆ ಬೆಳಿಗ್ಗೆ ಅಲ್ಲಿಗೆ ಹೊರಡುತ್ತೇನೆ.