ಮುಚ್ಚಿದ್ದು ಯಾರು?

ಜೂನ್ ೧೨, ಗುರುವಾರ

‘ಲಾಗಿದೆ’ ಎಂಬ ಪದದ ಬಾಲ ಬೆಳಗಿನಿಂದ ತಲೆ ತಿನ್ನುತ್ತಿದೆ.

ಮ್ಯಾನೇಜರು ಕೊಟ್ಟ ಕರಡು: ‘ಸೋಮವಾರದಿಂದ ಕಾರ್ಖಾನೆಯ ಶಿಶುಮಂದಿರವನ್ನು ಮುಚ್ಚಲು ತೀರ್ಮಾನಿಸಲಾಗಿದೆ. ಎಲ್ಲರೂ ಸಹಕರಿಸಬೇಕು.’ ಅದನ್ನು ಟೈಪ್ ಮಾಡಿ ಗೋಡೆಗೆ ಅಂಟಿಸುವುದು ನನ್ನ ಕೆಲಸ. ಹೊಲಿಗೆ ವಿಭಾಗದ ಹೆಂಗಸರು ಕೂಸುಗಳನ್ನು ಎಲ್ಲಿ ಬಿಡಬೇಕು ಎಂಬುದು ಅದರಲ್ಲಿಲ್ಲ. ತೀರ್ಮಾನಿಸಿದವರು ಯಾರೆಂಬುದೂ ಇಲ್ಲ. ಈಗೀಗ ಎಲ್ಲವೂ ಹೀಗೆಯೇ. ರಜೆ ಕಡಿತಗೊಳಿಸಲಾಗಿದೆ, ಜನರನ್ನು ಮನೆಗೆ ಕಳಿಸಲಾಗಿದೆ, ಕೇಳಿದವರ ಬಾಯಿಗೆ ಬೀಗ ಹಾಕಲಾಗಿದೆ. ಪ್ರಾಸವೇನೋ ಚೆನ್ನಾಗಿದೆ, ಮಾಡಿದವರೇ ನಾಪತ್ತೆ.

‘ಮುಚ್ಚಲು ನಾನು ತೀರ್ಮಾನಿಸಿದ್ದೇನೆ’ ಎಂದು ಟೈಪ್ ಮಾಡಿ, ಕೆಳಗೆ ಅವರ ಹೆಸರು ಹಾಕಿ ಸಹಿಗೆ ಇಟ್ಟೆ.

“ಏನ್ರೀ ಇದು?”

“ವ್ಯಾಕರಣ ಸರ್. ಕ್ರಿಯಾಪದಕ್ಕೆ ಒಬ್ಬ ಕರ್ತೃ ಬೇಕು.”

“ಕಾಲ ಕೆಟ್ಟಿದೆ ಕಣ್ರೀ. ಇಂಥ ಹೊತ್ತಲ್ಲಿ ಯಾರ ಹೆಸರೂ ಮುಂದೆ ಬರಬಾರದು.”

“ಶಿಶುಮಂದಿರ ತೆರೆದ ದಿನ ನಿಮ್ಮ ಹೆಸರನ್ನ ಕಲ್ಲಿನ ಮೇಲೇ ಕೆತ್ತಿಸಿದ್ರಲ್ಲ ಸರ್.”

ನಾಳೆ ಹಳೆಯ ಒಕ್ಕಣೆಯನ್ನೇ ಟೈಪ್ ಮಾಡಬೇಕಂತೆ. ಇಲ್ಲವಾದರೆ ಬೇರೆ ಟೈಪಿಸ್ಟ್ ಬರುತ್ತಾಳಂತೆ.

“ನಿನ್ನ ವ್ಯಾಕರಣಕ್ಕೆ ಯಾರು ಸಂಬಳ ಕೊಡ್ತಾರೆ?” ಎಂದರು ನಮ್ಮ ಮನೆಯವರು, ರಾತ್ರಿ ಊಟದ ತಟ್ಟೆ ತೊಳೆಯುತ್ತಾ. ಕೊನೆಯ ತಟ್ಟೆ ಒರೆಸಿಟ್ಟು ತಾವೇ, “ಅಲ್ಲಾ, ಸಹಿ ಹಾಕೋಕೆ ಹೆದರೋನು ಮುಚ್ಚೋದಾದ್ರೂ ಯಾಕೆ?” ಎಂದರು.

ಅದೇ ನನ್ನ ಪ್ರಶ್ನೆಯೂ. ಕಾಲ ಕೆಟ್ಟಾಗ ‘ನಾನು’ ಎನ್ನಲು ಒಬ್ಬರಿರಲಿ ಎಂದೇ ಅಲ್ಲವೇ ಜನ ಯಾರನ್ನಾದರೂ ಮೇಲೆ ಕೂರಿಸುವುದು?

ನಾಳೆ ಹೊಲಿಗೆಯವರು ಕೇಳಿದರೆ ಮುಚ್ಚುತ್ತಿರುವುದು ಯಾರೆಂದು ಹೇಳುತ್ತೇನೆ. ಮ್ಯಾನೇಜರು ಕೇಳಿದರೆ ‘ಟೈಪ್ ಮಾಡಲಾಗಲಿಲ್ಲ’ ಎಂದು ನೆಪ ಹೇಳುವುದಿಲ್ಲ. ‘ಮಾಡಲಿಲ್ಲ, ನಾನು’ ಎನ್ನುತ್ತೇನೆ. ಕಣ್ಣು ಎಳೆಯುತ್ತಿದೆ, ಸಾಕು.