ಎಡಗಡೆಯ ನವಿಲು

ಫೆಬ್ರುವರಿ 3
ಸವಣೂರಿನ ಹಳೇ ಟಾಕೀಸಿನ ದುರಸ್ತಿ, ಒಂಬತ್ತನೇ ದಿನ. ಚಾವಣಿಯ ಗಾರೆಯ ಸೂರ್ಯಕಿರಣ ಮುಗಿಯಿತು. ಆರು ಪದರ ಡಿಸ್ಟೆಂಪರ್ ಕೆರೆದೆ—ಉಗುರೆಲ್ಲ ಸುಣ್ಣ. ಇಂಜಿನಿಯರ್ ಇದನ್ನು ಆರ್ಟ್ ಡೆಕೊ ಅನ್ನುತ್ತಾನೆ. ಅಪ್ಪ ಬಾಂಬೆ ನಮೂನಿ ಅನ್ನುತ್ತಿದ್ದ.

ಇನ್ನು ಸ್ಟೇಜಿನ ಪಕ್ಕದ ಎರಡು ಗೋಡೆ, ಗೋಡೆಗೊಂದು ಗಾರೆಯ ನವಿಲು. "ಎಡಕ್ಕಿಂದು ನಂದವ್ವಾ," ಅಂತ ಅಪ್ಪ ಸಾಯುವವರೆಗೂ ಹೇಳಿದ. ಬಲಕ್ಕಿನದು ಅಪ್ಪನ ಜೊತೆ ಗಾರೆ ಕೆಲಸ ಮಾಡಿದ ಗುದ್ಲೆಪ್ಪನದು.

ಟಾಕೀಸು ತೆರೆದ ದಿನ ಅಪ್ಪನನ್ನು ಗೇಟಿನಲ್ಲೇ ತಡೆದರು. ನಮ್ಮ ಕೇರಿಯವರು ಒಳಗೆ ಕೂರುವ ಹಾಗಿರಲಿಲ್ಲ. ಒಳಗೆ ಗುದ್ಲೆಪ್ಪ ಎರಡೂ ನವಿಲು ತನ್ನವೇ ಅಂದು ಶಾಲು ಹೊದಿಸಿಕೊಂಡ. ಆ ಮುದುಕ ಇನ್ನೂ ಇದ್ದಾನೆ. ಇರಲಿ. ನೋಡಲಿ.

ಫೆಬ್ರುವರಿ 5, ಮಧ್ಯಾಹ್ನ
ಮಾಲೀಕ ಮಹಾಂತೇಶನಿಗೆ ಸುಳ್ಳು ಹೇಳಿದೆ. "ಬಲಕ್ಕಿಂದು ಪೊಳ್ಳು ಬಿದ್ದೈತ್ರಿ, ನಿಲ್ಲಂಗಿಲ್ಲ. ಎಡಕ್ಕಿಂದರ ಅಚ್ಚು ತಗದು ಅಲ್ಲೂ ಕೂರಸ್ತೇನ್ರಿ."

"ನಿಮಗ ತಿಳದಂಗ ಮಾಡ್ರಿ, ವೀರವ್ವಾರ," ಅಂದ ಪಾಪ.

ಬಲಗಡೆಯ ನವಿಲಿನ ಕುತ್ತಿಗೆಗೆ ಉಳಿ ಇಟ್ಟು ಹೊಡೆದೆ. ಹೊಟ್ಟೆ ತಣ್ಣಗಾಯಿತು! ಗಾರೆ ಮಾತ್ರ ಬಲು ಗಟ್ಟಿ, ಮೂರು ತಾಸು ಹಿಡಿಯಿತು.

ಫೆಬ್ರುವರಿ 19
ಎರಡೂ ಕಡೆ ಅಪ್ಪನ ನವಿಲು. ನಾಳೆ ಗುದ್ಲೆಪ್ಪನನ್ನು ಕರೆಸಲು ಮಹಾಂತೇಶನಿಗೆ ನಾನೇ ಹೇಳಿದೆ. ಅವನ ಮುಖ ನೋಡಬೇಕು ನನಗೆ.

ಫೆಬ್ರುವರಿ 20
ಬಂದ. ಮೊಮ್ಮಗಳ ಕೈ ಹಿಡಿದು ಎಡಗೋಡೆಗೆ ಹೋದ, ಸವರಿದ. "ನಂದು ಛಲೋ ಉಳಿಸೀದಿ. ಆ ಕಡೆನೂ ನಂದ ಐತಲ್ಲ? ಹುಚ್ಚಪ್ಪಂದು ಎಲ್ಲಿ?"

ಮೈ ಉರಿಯಿತು. "ನಾ ಹುಚ್ಚಪ್ಪನ ಮಗಳ್ರಿ. ಎಡಕ್ಕಿಂದು ನಮ್ಮಪ್ಪಂದು!"

ಮುದುಕ ಸ್ಟೇಜಿನ ಕಡೆ ಕೈ ತೋರಿಸಿದ.

"ನಾವು ಹಿಂದಿನ ಬಾಗಲದಿಂದ ಸ್ಟೇಜಿಗೆ ಬರ್ತಿದ್ವಿ ತಂಗಿ. ಅಲ್ಲಿ ನಿಂತು ನೋಡು, ಯಾವುದು ಎಡ ಅಂತ. ಖುರ್ಚಿ ಕಡಿಂದ ನೋಡಾಕ ನಿಮ್ಮಪ್ಪನ್ನ ಯಾರು ಬಿಟ್ಟಿದ್ರು?"

ಸ್ಟೇಜು ಹತ್ತಿದೆ. ಖುರ್ಚಿಗಳ ಕಡೆ ತಿರುಗಿದೆ. ಎಡಕ್ಕೆ, ನಾನು ನವಿಲು ಒಡೆದ ಗೋಡೆ.

ಅವತ್ತು ಗುದ್ಲೆಪ್ಪ ಎರಡೂ ತನ್ನವು ಅಂದಿದ್ದ. ಈಗ ಎರಡೂ ಅವನವೇ. ನಾನೇ ಮಾಡಿಕೊಟ್ಟೆ. ಈ ಕೈ ಬಿದ್ದುಹೋಗಬಾರದೇ!

ಫೆಬ್ರುವರಿ 21, ಬೆಳಿಗ್ಗೆ 6
ಕಸ ಸಾಗಿಸಿದ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದೆ. ಒಡೆದ ಗಾರೆಯನ್ನೆಲ್ಲ ಬಂಕಾಪುರ ರಸ್ತೆಯ ಗುಂಡಿಗೆ ಸುರಿದನಂತೆ. ಇವತ್ತು ರೋಲರ್ ಬರುತ್ತದಂತೆ, ಎಂಟಕ್ಕೆ. ಗೋಣಿಚೀಲ ತೆಗೆದುಕೊಂಡಿದ್ದೇನೆ. ಕೊಕ್ಕಾದರೂ ಸಿಕ್ಕರೆ, ಒಂದು ಕಾಲಾದರೂ—